ಸುಮ್ಮನೆ ಕೂಗುವ ಅಲಾರಂ

ಕಳ್ಳರಿಲ್ಲದಿದ್ದರೂ ಅಲಾರಂ ಕೂಗುತ್ತದೆಂದು ಆ ಮನೆಗೆ ಅಲಾರಂ ರಿಪೇರಿಯ ತಿಪ್ಪೇಶಿ ಬಂದದ್ದು ಇದು ನಾಲ್ಕನೆಯ ಸಲ. ಇನ್ನೊಂದು ದೂರು ಬಂದರೆ ಕೆಲಸಕ್ಕೆ ಬರಲೇಬೇಡ ಎಂದು ಕಂಪನಿಯವರು ಹೇಳಿಯಾಗಿತ್ತು. ಏಣಿ ಹತ್ತಿ ಇಳಿದು ಅವನ ಸೊಂಟ ಬಿದ್ದುಹೋಗಿತ್ತು. ಸೆನ್ಸರ್‌ಗಳೆಲ್ಲ ಸರಿಯಾಗಿಯೇ ಇದ್ದವು.

“ಅಮ್ಮಾ, ನಿನ್ನೆ ಯಾವ ಬಟನ್ ಒತ್ತಿ ಹೋಗಿದ್ರಿ? ಜನ ಇದ್ದಾಗ ‘ಮನೆ’ ಬಟನ್, ಬಾಗಿಲು ಕಿಟಕಿ ಮಾತ್ರ ಕಾಯುತ್ತೆ. ಯಾರೂ ಇಲ್ದಾಗ ‘ಹೊರಗೆ’ ಬಟನ್, ಒಳಗೆ ಯಾರು ಓಡಾಡಿದ್ರೂ ಕೂಗುತ್ತೆ.”

“ಅಷ್ಟೂ ತಿಳಿಯಲ್ವೇನಪ್ಪಾ ನಂಗೆ? ಮದುವೆಗೆ ಹೊರಟಾಗ ‘ಹೊರಗೆ’ನೇ ಒತ್ತಿದ್ದು. ಮನೇಲಿ ಒಂದು ನರಪಿಳ್ಳೆಯೂ ಇರ್ಲಿಲ್ಲ,” ಎಂದರು ಮನೆಯೊಡತಿ ಪಂಕಜಮ್ಮ.

“ಹನ್ನೊಂದು ಗಂಟೆಗೆ ಅಡುಗೆಮನೇಲಿ ಯಾರೋ ಓಡಾಡಿದಾರೆ ಅಂತ ಇದ್ರಲ್ಲಿ ತೋರಿಸ್ತಿದೆಯಲ್ಲಮ್ಮಾ.”

“ನಿನ್ನ ಡಬ್ಬಾನೇ ಸುಳ್ಳು ಹೇಳ್ತಿದೆ! ಬೇಕಾದ್ರೆ ಸಾಕ್ಷಿ ಕೇಳು,” ಎಂದ ಪಂಕಜಮ್ಮ ಒಳಕ್ಕೆ ತಿರುಗಿ ಕೂಗಿದರು. “ಶೈಲಾ, ನಿನ್ನೆ ನಾವೆಲ್ಲ ಮದುವೆಗೆ ಹೋದಾಗ ಇಲ್ಲಿಗೆ ಯಾರಾದ್ರೂ ಬಂದಿದ್ರೇನೇ?”

ಒಳಗಿನಿಂದ ಸೊಸೆಯ ದನಿ ಬಂತು.

“ಯಾರೂ ಬರ್ಲಿಲ್ಲ ಅತ್ತೆ, ಇಡೀ ದಿನ ನಾನೊಬ್ಳೇ ಇದ್ದೆ.”