ಡಬ್ಬಿಯ ಕೊನೆಯ ಚೀಟಿ

ಆರುತ್ತಿದ್ದ ಸೂರ್ಯನ ರಿಪೇರಿಗೆ ಪ್ರತಿ ಸೋಮವಾರ ಬೀದಿಗೊಬ್ಬರು, ಹೆಸರಿನ ಚೀಟಿ ಎತ್ತಿ ಆರಿಸಿದವರು, ಹೋಗಬೇಕಿತ್ತು. ಹೋದವರು ಮರಳುತ್ತಿರಲಿಲ್ಲ, ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕುತ್ತಿರಲಿಲ್ಲ. ಪುಟ್ಟಗೌರಮ್ಮನ ಸರದಿ ಬರುವ ಸಂಭವ ಮೊದಲ ವಾರ ನಲವತ್ತರಲ್ಲೊಂದಿತ್ತು. ಗಂಡನ ಹೆಸರು ಬಂದ ದಿನ ಹನ್ನೊಂದರಲ್ಲೊಂದು. ಹೋದ ವಾರ, ಪಕ್ಕದ ಮನೆಯ ಜಯಶೀಲಾ ಹೊರಟಾಗ, ಎರಡರಲ್ಲೊಂದು. ಯಾರ ಹೆಸರು ಓದಿದರೂ ಉಳಿದವರೆಲ್ಲ "ಪಾಪ" ಅನ್ನುವುದು ಬೀದಿಯ ರೂಢಿ.

ಈ ಸೋಮವಾರ ಕಚೇರಿಯ ಗುಮಾಸ್ತ ಶಿವನಂಜಪ್ಪ ಒಂದೇ ಚೀಟಿಯಿದ್ದ ಡಬ್ಬಿಯನ್ನು ಚೆನ್ನಾಗಿ ಕುಲುಕಿದ.

"ಇರೋದೇ ಒಂದಲ್ವೇನಪ್ಪ, ಕುಲುಕೋದ್ಯಾಕೆ?" ಅಂದಳು ಪುಟ್ಟಗೌರಮ್ಮ.

"ಕುಲುಕದಿದ್ರೆ ಸಹಿ ಹಾಕೋಕಾಗಲ್ಲ, ಗೌರಮ್ಮನೋರೇ."

ಅವನು ಕಣ್ಣು ಮುಚ್ಚಿ ಚೀಟಿ ಎತ್ತಿ, ಬಿಡಿಸಿ, ಗಟ್ಟಿಯಾಗಿ ಓದಿದ. "ಪುಟ್ಟಗೌರಮ್ಮ."

ಜಗಲಿಯ ಮೇಲೆ ಸೊಪ್ಪು ಸೋಸುತ್ತಿದ್ದ ಆಕೆ ತಲೆ ಎತ್ತದೆ "ಪಾಪ" ಅಂದಳು.