ನೊಣಕ್ಕೆ ಸಜ್ಜಿಗೆ ಮಾಡುವ ಸೊಸೆ

ಮೈಸೂರಿನ ಸಾಕಮ್ಮನವರಿಗೆ ಸೊಸೆಯ ಮೇಲೆ ಒಂದೇ ಒಂದು ದೂರು...

ಹುಡುಗಿ ಬಂಗಾರದಂಥವಳು. ಆದರೆ ನೊಣ ಸಾಕ್ತಾಳೆ!

ಸೊಸೆ ಕುಸುಮಾ ಯೂನಿವರ್ಸಿಟಿಯಲ್ಲಿ ಪಿಎಚ್.ಡಿ ಮಾಡುತ್ತಿದ್ದಳು. ಕಳಿತ ಬಾಳೆಹಣ್ಣಿನ ಮೇಲೆ ಹಾರಾಡುತ್ತವಲ್ಲ, ಆ ಪುಟಾಣಿ ನೊಣಗಳು... ಅವಕ್ಕೆ ವಯಸ್ಸಾದ ಮೇಲೆ ನಿದ್ದೆ ಯಾಕೆ ಕಡಿಮೆಯಾಗುತ್ತೆ ಅನ್ನೋದೇ ಅವಳ ಸಂಶೋಧನೆ.

"ನೊಣಾನೂ ನಿದ್ದೆ ಮಾಡುತ್ತೇನ್ರೀ?" ಅಂತ ಪಕ್ಕದ ಮನೆ ಜಯಶೀಲಮ್ಮ ಬಾಯಿ ಬಿಟ್ಟುಕೊಂಡು ಕೇಳಿದಾಗ ಸಾಕಮ್ಮನವರಿಗೆ ನಾಚಿಕೆಯಾಯ್ತು. "ಏನೋ ಓದ್ತಾಳೆ ಬಿಡಿ" ಅಂತ ಮಾತು ತೇಲಿಸಿಬಿಟ್ಟರು.

ಲ್ಯಾಬಿನಲ್ಲಿ ರವೆ, ಬೆಲ್ಲ ಬೇಯಿಸಿ, ಬಾಟಲಿಗಳಿಗೆ ಸುರಿದು ನೊಣಗಳಿಗೆ ಊಟ ಹಾಕಬೇಕು. ಭಾನುವಾರ ಇಲ್ಲ, ಹಬ್ಬ ಇಲ್ಲ. ಯುಗಾದಿ ದಿನವೂ ಹೋಳಿಗೆ ಎಲೆಯಲ್ಲೇ ಬಿಟ್ಟು ಓಡಿದ್ದಳು.

"ಗಂಡನಿಗೆ ಉಪ್ಪಿಟ್ಟು ಮಾಡೋಕೆ ಪುರುಸೊತ್ತಿಲ್ಲ... ನೊಣಕ್ಕೆ ಸಜ್ಜಿಗೆ!" ಅಂತ ಸಾಕಮ್ಮ ಗೊಣಗಿದರೆ ಮಗ ನಗುತ್ತಿದ್ದ. "ಉಪ್ಪಿಟ್ಟು ನಾನೇ ಮಾಡ್ಕೋತೀನಿ ಬಿಡಮ್ಮ."

ವರ್ಷಗಳು ಉರುಳಿದವು. ಕುಸುಮಾಳ ಜೊತೆ ಓದಿದವರು ಕೆಲಸ ಹಿಡಿದರು, ಕಾರು ಕೊಂಡರು. ಇವಳದು ಇನ್ನೂ ಅದೇ ಬಾಟಲಿ, ಅದೇ ನೊಣ... ವಿಜ್ಞಾನ ಪತ್ರಿಕೆಗಳಿಗೆ ಬರೆದು ಕಳಿಸಿದ ಲೇಖನಗಳೂ ಗೋಡೆಗೆಸೆದ ಚೆಂಡಿನ ಹಾಗೆ ವಾಪಸ್ ಬರುತ್ತಿದ್ದವು.

ಅಂಥದ್ದರಲ್ಲಿ ಒಂದು ಬೇಸಿಗೆ... ಕುಸುಮಾ ಜ್ವರ ಬಂದು ಮಲಗಿದಳು. ಸರಿಯಾಗಿ ಆಗಲೇ ಲ್ಯಾಬಿನ ಎ.ಸಿ. ಕೆಟ್ಟಿತು. ಯಾರೂ ಗಮನಿಸಲಿಲ್ಲ.

ಜ್ವರ ಬಿಟ್ಟ ಮೇಲೆ ಹೋಗಿ ನೋಡಿದರೆ... ಒಂದೊಂದು ಬಾಟಲಿಯ ತಳದಲ್ಲೂ ಕಪ್ಪು ಎಳ್ಳು ಚೆಲ್ಲಿದ ಹಾಗೆ ಸತ್ತ ನೊಣಗಳು. ವರ್ಷಗಟ್ಟಲೆ ಪೀಳಿಗೆ ಪೀಳಿಗೆಯಾಗಿ ಸಾಕಿದ ತಳಿಯೆಲ್ಲ ಹೋಯ್ತು.

ಪೀಡೆ ತೊಲಗಿತು ಅಂತ ಸಾಕಮ್ಮನವರಿಗೆ ಖುಷಿಯಾಗಬೇಕಿತ್ತು... ಆಗಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಬಿಕ್ಕುತ್ತಿದ್ದ ಸೊಸೆಯನ್ನು ನೋಡಿ ಕರುಳು ಚುರುಕ್ ಅಂದಿತು.

"ಬಿಟ್ಬಿಡೇ ಮಗಾ. ಇಷ್ಟು ಕಷ್ಟಪಟ್ಟು ಯಾರನ್ನ ಉದ್ಧಾರ ಮಾಡ್ಬೇಕು?"

ಕುಸುಮಾ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಇವತ್ತೊಂದಿನ ಅಳ್ತೀನಿ ಅತ್ತೆ... ನಾಳೆ ಹೋಗ್ತೀನಿ."

ಹೇಳಿದ ಹಾಗೇ ಹೋದಳು! ಬೇರೆ ಲ್ಯಾಬಿನಿಂದ ಹೊಸ ನೊಣ ತಂದು ಮತ್ತೆ ಅ ಆ ಇ ಈ ಇಂದ ಶುರು ಮಾಡಿದಳು.

ಅವತ್ತಿನಿಂದ ಸಾಕಮ್ಮ ಗೊಣಗುವುದನ್ನು ಬಿಟ್ಟರು. ಬೆಳಿಗ್ಗೆ ಸೊಸೆ ಏಳೋ ಹೊತ್ತಿಗೆ ಅವಳ ಟಿಫನ್ ಬಾಕ್ಸ್ ರೆಡಿ ಇರುತ್ತಿತ್ತು.

ಕೊನೆಗೂ ಆ ದಿನ ಬಂತು... ವೈವಾ! ಎಲ್ಲರ ಎದುರು ನಡೆಯುವ ಕಡೇ ಪರೀಕ್ಷೆ. ಮನೆಯವರೂ ಬರಬಹುದು ಅಂತ ಗೊತ್ತಾದದ್ದೇ ತಡ, ಸಾಕಮ್ಮ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಹೋಗಿ ಕೂತರು.

ಎಲ್ಲಾ ಇಂಗ್ಲಿಷ್. ಒಂದಕ್ಷರ ಅರ್ಥವಾಗದಿದ್ದರೂ ಸೊಸೆ ಪಟಪಟ ಉತ್ತರ ಕೊಡುವುದನ್ನು ನೋಡಿ ಸಾಕಮ್ಮ ಬೀಗುತ್ತಿದ್ದರು.

ಆಗ ಪರೀಕ್ಷೆ ಮಾಡೋಕೆ ಧಾರವಾಡದಿಂದ ಬಂದಿದ್ದ ಹಿರಿಯ ಪ್ರೊಫೆಸರ್ ಒಂದು ಉದ್ದನೆಯ ಪ್ರಶ್ನೆ ಕೇಳಿದರು.

ಕುಸುಮಾ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ತಣ್ಣಗೆ ಹೇಳಿದಳು...

"ಐ ಡೋಂಟ್ ನೋ, ಸರ್."

ಅಷ್ಟು ಇಂಗ್ಲಿಷ್ ಸಾಕಮ್ಮನವರಿಗೂ ಬರುತ್ತಿತ್ತು! ಇಷ್ಟು ವರ್ಷ ಓದಿ ಗೊತ್ತಿಲ್ಲ ಅಂದಳಲ್ಲಾ! ಫೇಲ್ ಮಾಡಿಬಿಟ್ಟರೆ?

ಏನು ಮಾಡುತ್ತಿದ್ದೇನೆ ಅಂತ ತಿಳಿಯುವ ಮೊದಲೇ ಎದ್ದು ನಿಂತು ಕೈ ಮುಗಿದಿದ್ದರು.

"ಸಾರ್... ಇನ್ನೊಂದು ಪ್ರಶ್ನೆ ಕೇಳಿ ಸಾರ್! ಇವಳು ಹಬ್ಬ ಹರಿದಿನ ನೋಡ್ದೆ ದುಡಿದಿದಾಳೆ. ಎಲ್ಲಾ ಸತ್ತೋದ್ರೂ ಮತ್ತೆ ಮೊದಲಿಂದ ಮಾಡಿದಾಳೆ. ನಾನು ಕಣ್ಣಾರೆ ನೋಡಿದೀನಿ ಸಾರ್..."

ಕುಸುಮಾಳ ಕಣ್ಣು ತುಂಬಿ ಬಂತು.

ಪ್ರೊಫೆಸರ್ ಕನ್ನಡಕ ತೆಗೆದು ನಕ್ಕರು.

"ಕೂಡ್ರಿ ತಾಯಿ. ಆ ಪ್ರಶ್ನೆಗೆ ಉತ್ತರ ನನಗೂ ಗೊತ್ತಿಲ್ಲ! ನನಗ ಗೊತ್ತಿದ್ದವರೊಳಗ ಯಾರಿಗೂ ಗೊತ್ತಿಲ್ಲ. ಏನೋ ಒಂದು ಹೇಳಿ ಪಾರಾಗಬಹುದಿತ್ತು ಈಕಿ... ಆದರ ಸುಳ್ಳು ಹೇಳಲಿಲ್ಲ ನೋಡ್ರಿ. ನಿಮ್ಮ ಸೊಸಿ ಫೇಲ್ ಅಲ್ಲ... ನಿಮ್ಮ ಸೊಸಿ ವಿಜ್ಞಾನಿ ಆಗ್ಯಾಳ!"

ಚಪ್ಪಾಳೆಯೋ ಚಪ್ಪಾಳೆ... ಸಾಕಮ್ಮ ಅಳುತ್ತಲೇ ನಗುತ್ತಿದ್ದರು.

ಆಟೋದಲ್ಲಿ ಮನೆಗೆ ಬರುವಾಗ ಸಾಕಮ್ಮ ಸೊಸೆಯ ಕೈ ಹಿಡಿದುಕೊಂಡು ಕೇಳಿದರು. "ಎಲ್ಲಾ ಮುಗೀತಲ್ಲ, ನಾಳೆಯಿಂದ ಆರಾಮಾಗಿ ಮಲಗ್ತೀಯ ತಾನೆ?"

"ಇಲ್ಲ ಅತ್ತೆ... ಅವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕ್ಬೇಕು."

"ಅಯ್ಯೋ ನನ್ನ ಶಿವನೇ!" ಅಂತ ಸಾಕಮ್ಮ ಹಣೆ ಚಚ್ಚಿಕೊಂಡರು. ಆಮೇಲೆ ಮುಂದಕ್ಕೆ ಬಾಗಿ ಆಟೋದವನಿಗೆ ಹೆಮ್ಮೆಯಿಂದ ಹೇಳಿದರು...

"ನಮ್ಮ ಸೊಸೆ ಕಣಪ್ಪಾ... ವಿಜ್ಞಾನಿ! ನೊಣದ ನಿದ್ದೆ ಬಗ್ಗೆ ಕೇಳ್ಬೇಕು ನೀನು!"

*ಗೊತ್ತಿಲ್ಲ ಅಂತ ಹೇಳೋ ಧೈರ್ಯ, ಗೊತ್ತಾಗೋವರೆಗೂ ಬಿಡದ ಹಠ... ಇವೆರಡೂ ಇದ್ದವರೇ ವಿಜ್ಞಾನಿ.*

ನೀವು ಕೊನೆಯ ಸಲ "ನನಗೆ ಗೊತ್ತಿಲ್ಲ" ಅಂತ ಒಪ್ಪಿಕೊಂಡದ್ದು ಯಾವಾಗ...? 🙏