ಅವ್ವ ಹೇಳಿದ ವಾಸನೆಗಳು

ಸಂಕ್ರಾಂತಿ ಕಳೆದಿತ್ತು. ಮೈಂದರ್ಗಿಯ ಹೊಲಗಳಲ್ಲಿ ಬಿಳಿಜೋಳ ಹಾಲುಗಾಳು ಕಟ್ಟಿತ್ತು, ಅಂಗಳಗಳಲ್ಲಿ ತೊಗರಿಯ ರಾಶಿ ಬಿದ್ದಿತ್ತು. ದ್ರೌಪದಿ ಮೊರ ಹಿಡಿದು ತೊಗರಿ ಕೇರುತ್ತಿದ್ದಾಗ ಮಗಳು ಮಯೂರಿ ಅಡುಗೆಮನೆಯಿಂದ ಮೂರನೆಯ ಸಲ ಕರೆದಳು.

"ಬಾಗಲಾ ಹಾಕ್ಕೊಂಡು ಬಾ ಅವ್ವಾ. ಕಲ್ಯಾಣಮ್ಮ ಕಂಡ್ರ ಊರಿಗೆಲ್ಲ ಡಂಗುರ ಹೊಡೀತಾಳ."

ಪಕ್ಕದ ಮನೆಯ ಕಲ್ಯಾಣಮ್ಮ ಆ ಮುಂಜಾನೆ ಒಮ್ಮೆ ಬಂದುಹೋಗಿದ್ದಳು. ಆಗ ದ್ರೌಪದಿ ರೊಟ್ಟಿ ಬಡಿಯುತ್ತಿದ್ದಳು, ಮಯೂರಿ ಪಕ್ಕದಲ್ಲೇ ಬದನೆಕಾಯಿ ಹೆಚ್ಚುತ್ತಿದ್ದಳು. ಬೆನ್ನ ಹಿಂದೆ ಹಾಲು ಹೊತ್ತಿದೆ ಎಂದು ಹೇಳಲು ಕಲ್ಯಾಣಮ್ಮ ಗೋಡೆಯಾಚೆಯಿಂದ ಓಡಿಬರಬೇಕಾಯಿತು.

"ಕೂತಲ್ಲೇ ನಿದ್ದಿ ಮಾಡಾಕತ್ತೀರೇನು?" ಎಂದು ನಕ್ಕಿದ್ದಳು.

ಮಯೂರಿಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ಮನೆಯವರೆಲ್ಲ ಜ್ವರ ಹಿಡಿದು ಮಲಗಿದ್ದರು. ಆ ಜ್ವರ ಅಪ್ಪನನ್ನು ಕೊಂಡೊಯ್ದಿತು, ಅವಳ ಮೂಗಿನ ಬಲವನ್ನೂ ಕೊಂಡೊಯ್ದಿತು.

ಪುಣೆಯ ಹೋಟೆಲೊಂದರಲ್ಲಿ ಅವಳಿಗೆ ಕೆಲಸವಿತ್ತು. ಯಾವ ವೈನಿನ ರುಚಿ ಎಂಥದು, ಯಾವ ಊಟಕ್ಕೆ ಯಾವುದು ಹೊಂದುತ್ತದೆ ಎಂದು ಗಿರಾಕಿಗಳಿಗೆ ತಿಳಿಸುವ ಕೆಲಸ. ವಾಸನೆ ಹೋಯಿತು, ಕೆಲಸವೂ ಹೋಯಿತು. ಆಮೇಲೆ ಹೋದಲ್ಲೆಲ್ಲ ನಿಜ ಹೇಳಿದಳು. ಹೋದಲ್ಲೆಲ್ಲ ಬಾಗಿಲು ಮುಚ್ಚಿತು. ಸೊಲ್ಲಾಪುರದಲ್ಲಿ ಹೊಸದಾಗಿ ತೆರೆಯಲಿದ್ದ ಹೋಟೆಲಿಗೆ ಮಾತ್ರ ಹೇಳಿರಲಿಲ್ಲ. ಅಲ್ಲಿಯ ಮ್ಯಾನೇಜರ್ ಗುರುನಾಥ, ಫ್ರಾನ್ಸಿನ ಶಾಬ್ಲಿ ಎಂಬ ಬಿಳಿ ವೈನಿನ ಬಾಟಲಿಯನ್ನು ಅಕ್ಕಲಕೋಟೆಯ ಬಸ್ಸಿಗೆ ಹಾಕಿ ಕಳಿಸಿದ್ದ. ಸಂಜೆ ಐದರೊಳಗೆ ಅದರ ರುಚಿ ಬರೆದು ಕಳಿಸಬೇಕು. ಒಪ್ಪಿಗೆಯಾದರೆ ಕೆಲಸ.

ದ್ರೌಪದಿ ಬಾಗಿಲು ಹಾಕಿ ಬಂದು, ಕೊರಳ ಲಿಂಗವನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಕೂತಳು.

"ಹೆಂಡ ಹಂಚೋ ಕೆಲಸ ಯಾಕ ಬೇಕವ್ವಾ ನಿನಗ? ನನ್ನ ಸಂಗಟ ಮನ್ಯಾಗಿದ್ರ ಆಗೂದಿಲ್ಲೇನು?"

"ನಿನಗ ಕುಡಿ ಅಂತ ಯಾರಂದ್ರು? ಮೂಸಿ ಹೇಳು, ಸಾಕು."

ಗ್ಲಾಸಿನಲ್ಲಿ ತಿಳಿ ಹೊಂಬಣ್ಣ. ಮಯೂರಿ ಒಂದು ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿದಳು. ಹುಳಿ ತಿಳಿಯಿತು. ಅದರಾಚೆ ಏನೂ ಇಲ್ಲ, ಗೋಡೆ. "ಇದು ಶಾಬ್ಲಿ," ಎಂದು ಗ್ಲಾಸನ್ನು ಅವ್ವನಿಗೆ ಕೊಟ್ಟಳು. ಅವ್ವ ಅದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ಬಹಳ ಹೊತ್ತು ಹಾಗೇ ಇದ್ದಳು.

"ಹಸರ ಸೇಬು," ಎಂದಳು. "ಈಗ ಕೊಯ್ದಂಗ."

"ಮತ್ತ?"

"ನಿಂಬಿಹಣ್ಣಿನ ಸಿಪ್ಪಿ. ಮತ್ತ... ಮಳಿ ಬಿದ್ದ ಕಲ್ಲು."

ಮಯೂರಿಯ ಪೆನ್ನು ನಿಂತಿತು. ವೈನಿನ ಪಾಠಪುಸ್ತಕದಲ್ಲಿ ಶಾಬ್ಲಿಯ ಬಗ್ಗೆ ಅಕ್ಷರಕ್ಕೆ ಅಕ್ಷರ ಹೀಗೇ ಇತ್ತು. ಪರೀಕ್ಷೆಯ ವರ್ಷ ಇದೇ ಒಲೆಯ ಮುಂದೆ ಕೂತು, ಅವ್ವನಿಗೆ ಅರ್ಥ ಹೇಳುತ್ತ ಅವಳು ಬಾಯಿಪಾಠ ಮಾಡಿದ ಸಾಲು. ಹುಟ್ಟಿದಾಗಿನಿಂದ ಹೆಂಡ ಕಾಣದ ಹೆಂಗಸಿಗೆ ಎಂಥ ಮೂಗು!

"ಊಟಕ್ಕ ಏನು ಹೊಂದ್ತದ? ಮೀನು ಅಂತ ನಾ ಬರೀತೀನಿ. ನಮ್ಮ ಕಡೀದು ನೀ ಹೇಳು."

"ಶೇಂಗಾ ಚಟ್ನಿ ಬ್ಯಾಡ, ಬಳ್ಳೊಳ್ಳಿ ಇದನ್ನ ಮುಕ್ಕಿ ಹಾಕ್ತದ. ಬಿಸಿ ರೊಟ್ಟಿ, ಬೆಣ್ಣಿ ನಡೀತದ. ಇಲ್ಲಾ, ಉಪ್ಪು ಹಾಕಿದ ಗಿಣ್ಣ ಕೊಡು."

ಮಯೂರಿ ನಕ್ಕಳು. ಎಷ್ಟೋ ದಿನದ ಮೇಲೆ. ನಾಲ್ಕೂವರೆಗೆ ಬರೆದದ್ದನ್ನು ಕಳಿಸಿದಳು. ಐದೂಕಾಲಿಗೆ ಫೋನ್ ಬಂತು. ಅವ್ವನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

"ಭಾಳ ಚಂದ ಬರದೀರಿ ಮೇಡಂ," ಎಂದ ಗುರುನಾಥ. "ಗಿಣ್ಣದ ಮಾತು ಮತ್ಯಾರಿಗೂ ಹೊಳೀತಿರಲಿಲ್ಲ. ಆದ್ರ ಆ ಬಾಟ್ಲಿ ಕೆಟ್ಟಿತ್ತು. ನಮ್ಮ ಗೋಡೌನಿನಾಗ ಬೂಚಿಗೆ ಬೂಷ್ಟು ಹಿಡಿದದ್ದನ್ನೇ ಆರಿಸಿ, ಕೆಲಸ ಕೇಳಿದ ಮೂವರಿಗೂ ಪರೀಕ್ಷಾಕ್ಕಂತ ಕಳಿಸಿದ್ವಿ. ಕೊಳೆತ ಗೋಣಿಚೀಲದ ವಾಸನಿ ಹೊಡೀತದ. ಉಳಿದಿಬ್ಬರು ಬೂಚು ತಗದ ಕೂಡಲೇ ಫೋನ್ ಮಾಡಿದ್ರು. ನೀವು ಮೂಸೇ ಇಲ್ಲ."

ಅವನು ಫೋನ್ ಇಟ್ಟ.

ಮಯೂರಿ ಅವ್ವನ ಕಡೆ ತಿರುಗಿದಳು. ಕೊಳೆತ ಗೋಣಿಚೀಲ. ನಲವತ್ತು ವರ್ಷ ರಾಶಿ ಮಾಡಿದ ಹೆಂಗಸಿಗೆ ಆ ವಾಸನೆ ಗೊತ್ತಾಗದೆ ಹೋದೀತೆ?

"ಬೇಕಂತ ಮಾಡಿದಿ," ಎಂದಳು. "ನನ್ನ ಮನ್ಯಾಗ ಕೂಡಿಸ್ಕೊಳ್ಳಾಕ ಬೇಕಂತ ಸುಳ್ಳ ಹೇಳಿದಿ."

ದ್ರೌಪದಿ ಗ್ಲಾಸನ್ನು ಮತ್ತೊಮ್ಮೆ ಮೂಗಿಗೆ ಹಿಡಿದಳು. ಜೋರಾಗಿ ಉಸಿರೆಳೆದಳು. ಕೆಳಗಿಟ್ಟಳು.

"ನೀ ಆಗ ಒಲಿ ಮುಂದ ಓದಿದ್ದನ್ನೇ ಹೇಳೀನಿ, ನನ್ನವ್ವಾ. ನಿಮ್ಮಪ್ಪನ ಫೋಟೋದ ಮುಂದ ಊದಿನಕಡ್ಡಿ ಹಚ್ಚಿದ ದಿನದಿಂದ ನನಗೂ ಏನೂ ವಾಸನಿ ಬರವಲ್ದು."